ಹಣ ಕೊಟ್ಟು ಕಲಾಸಿ ಆಗುವುದಾ?

ಹೋದ ತಿಂಗಳು ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ದೊಡ್ಡ ಜಗಳವಾಯಿತು. ದುಬೈಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವ ತಂಗಿಯ ಮಗಳು ತನ್ನ ರಜೆಯಲ್ಲಿ ಊರಿಗೆ ಬರುವ ಬದಲು ಹಾಯಿಹಡಗು ಹತ್ತುತ್ತೇನೆ ಅಂದಳು. ನೆದರ್‌ಲ್ಯಾಂಡ್ಸಿನ ‘ಯುರೋಪಾ’. 1911ರಲ್ಲಿ ಜರ್ಮನಿಯಲ್ಲಿ ದೀಪದ ಹಡಗಾಗಿ ಕಟ್ಟಿದ್ದು, ಈಗ ಮೂರು ಕಂಬಗಳ ಹಾಯಿಹಡಗು. ಅನುಭವ ಇಲ್ಲದವರೂ ಹಣ ಕೊಟ್ಟು ಹೋಗಬಹುದು. ಆದರೆ ಕಾಲು ಚಾಚಿ ಕೂರುವಂತಿಲ್ಲ: ಪಾಳಿಯಂತೆ ರಾತ್ರಿಯೂ ಎದ್ದು ಚುಕ್ಕಾಣಿ ಹಿಡಿಯಬೇಕು, ಮುಂದೆ ನಿಂತು ಕಾವಲು ಕಾಯಬೇಕು, ಹಗ್ಗ ಎಳೆಯಬೇಕು. ಕಂಬ ಹತ್ತುವುದು ಮಾತ್ರ ಅವರವರ ಧೈರ್ಯಕ್ಕೆ ಬಿಟ್ಟದ್ದು. ಹತ್ತು ದಿನಕ್ಕೆ ಒಂದು ಲಕ್ಷ ರೂಪಾಯಿ ದಾಟುತ್ತದೆ.

ಗ್ರೂಪಿನಲ್ಲಿ ಮೊದಲು ಬಂದ ಉತ್ತರ: “ಹಣ ಕೊಟ್ಟು ಕಲಾಸಿ ಆಗುವುದಾ?” ಅದರ ಕೆಳಗೆ ಹನ್ನೆರಡು ನಗುವ ಮುಖಗಳು. ಅದರಲ್ಲಿ ಒಂದು ನನ್ನದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಅನಂತಪುರ ಜಿಲ್ಲೆಯ ಬೆಳುಗುಪ್ಪದಲ್ಲಿ, ಗಾಳಿಯಂತ್ರಗಳ ದೇಖರೇಖಿ ಕೆಲಸದಲ್ಲಿ. ಇಲ್ಲಿ ಸಮುದ್ರ ಬಿಡಿ, ಕೆರೆ ತುಂಬಿದರೆ ಜನ ಫೋಟೋ ತೆಗೆಯಲು ಬರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಯಂತ್ರಗಳಿಗೆ ಬಿಡುವಿಲ್ಲ. ನಮ್ಮೂರಲ್ಲಿ ಮಳೆ ಸುರಿಸಿ, ಘಟ್ಟ ದಾಟಿ, ಒಣಗಿ ಬರುವ ಪಡುವಣ ಗಾಳಿಯದೇ ಕಾಲ ಅದು. ಅದೇ ಗಾಳಿಗೆ ಹೆದರಿ ಮಂಗಳೂರು ಬಂದರಿನ ಮಂಜಿಗಳು ಮಳೆಗಾಲ ಪೂರ್ತಿ ದಡದಲ್ಲಿ ಕಟ್ಟಿಬೀಳುತ್ತಿದ್ದವು. ಆ ನಾಲ್ಕು ತಿಂಗಳು ಮಾತ್ರ ನಮ್ಮ ಉಪ್ಪ ಮನೆಯಲ್ಲಿರುತ್ತಿದ್ದರು. ಉಳಿದ ತಿಂಗಳು ಅಕ್ಕಿ, ಹಂಚು ತುಂಬಿಕೊಂಡು ಅಮೀನಿ, ಕಡಮತ್, ಚೆತ್ಲತ್ ಅಂತ ಹೋಗುವುದು, ಕೊಬ್ಬರಿ, ನಾರಿನ ಹಗ್ಗ ತುಂಬಿಕೊಂಡು ಬರುವುದು. ಆ ದ್ವೀಪಗಳೇನು ಪರದೇಶವಲ್ಲ, 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಉಪ್ಪ ಮಂಜಿಯ ಕಲಾಸಿ. ತಂಡೇಲ ಆಗುವಷ್ಟು ಕಲಿತಿದ್ದರು, ಆಗಲಿಲ್ಲ.

ತಂಗಿಯ ನಿಖಾಹ್ ಮಾತುಕತೆಗೆ ಗಂಡಿನ ಕಡೆಯವರು ಬಂದಾಗ “ತಂದೆಗೆ ಏನು ಕೆಲಸ?” ಅಂತ ಕೇಳಿದರು. “ಬಂದರಿನಲ್ಲಿ ವ್ಯಾಪಾರ” ಅಂತ ಹೇಳಿದವನು ನಾನು. ಉಪ್ಪ ಅಲ್ಲೇ ಕೂತಿದ್ದರು, ತುಟಿ ಬಿಚ್ಚಲಿಲ್ಲ. ಬ್ಯಾರಿ ಅಂದರೆ ಬ್ಯಾರ, ವ್ಯಾಪಾರ ಅಂತ ಭಾಷಣ ಮಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆ ವ್ಯಾಪಾರದ ಸರಕನ್ನು ಕಡಲು ದಾಟಿಸಿದವರ ಹೆಸರು ಯಾವ ಭಾಷಣದಲ್ಲಿದೆ, ಹೇಳಿ?

ಈಗ ನೋಡಿ, ಲೋಕ ಯಾವುದಕ್ಕೆ ಬೆಲೆ ಕಟ್ಟುತ್ತಿದೆ ಅಂತ. ಹಲಗೆಗಳನ್ನು ತೆಂಗಿನ ನಾರಿನಿಂದ ಹೊಲಿದು ಕಟ್ಟಿದ, ಎಂಜಿನ್ ಇಲ್ಲದ ‘ಕೌಂಡಿನ್ಯ’ ಹಡಗನ್ನು ನೌಕಾಪಡೆ 2025ರ ಮೇ 21ರಂದು ಕಾರವಾರದಲ್ಲಿ ಸೇರಿಸಿಕೊಂಡಿತು. ಹೊಲಿದವರು ಕೇರಳದ ಬಾಬು ಶಂಕರನ್ ಮತ್ತು ಅವರ ಕೆಲಸಗಾರರು. ಡಿಸೆಂಬರ್ 29ರಂದು ಪೋರಬಂದರ್ ಬಿಟ್ಟು ಜನವರಿ 14ಕ್ಕೆ ಮಸ್ಕತ್ ಮುಟ್ಟಿತು. ನೌಕಾಪಡೆಯವರ ಜೊತೆ ಅರ್ಥಶಾಸ್ತ್ರಜ್ಞ ಸಂಜೀವ್ ಸನ್ಯಾಲ್ ಕೂಡ ಹೋಗಿದ್ದರು. ದಿಲ್ಲಿಯ ದೊಡ್ಡ ಕುರ್ಚಿಯವರು ಹಾಯಿಹಡಗು ಹತ್ತಿದರೆ ಟಿವಿಯಲ್ಲಿ ಚಪ್ಪಾಳೆ, ಕಲಾಸಿಯ ಮೊಮ್ಮಗಳು ಹತ್ತಿದರೆ ನಗು. ಅದಕ್ಕೂ ಮೊದಲು, 1980ರಲ್ಲಿ, ಟಿಮ್ ಸೆವೆರಿನ್ ಎಂಬವರು ಒಮಾನ್‌ನಲ್ಲಿ ‘ಸೊಹಾರ್’ ಎಂಬ ಹೊಲಿದ ಹಡಗು ಕಟ್ಟಿಸಿ ಚೀನಾಕ್ಕೆ ಹೋದರಲ್ಲ, ಅದನ್ನು ಹೊಲಿಯಲು ಕರೆಸಿದ್ದು ಲಕ್ಷದ್ವೀಪದವರನ್ನು. ನಮ್ಮ ಉಪ್ಪನಂಥವರು ಹಗ್ಗ ಕೊಳ್ಳುತ್ತಿದ್ದ ಜನರನ್ನು.

ಗ್ರೂಪಿನ ಎರಡನೇ ಆಕ್ಷೇಪ ಮಹ್ರಮ್‌ದು. ಗಂಡಸರ ಜೊತೆ ಒಬ್ಬಳೇ ಹಡಗಿನಲ್ಲಿ ಹೇಗೆ? ಇದು ತಮಾಷೆಯ ಮಾತಲ್ಲ, ದೀನಿನ ಕಾಳಜಿಯಿಂದ ಕೇಳುವವರಿಗೆ ನಾನು ಗೌರವ ಕೊಡುತ್ತೇನೆ. ಆದರೆ ಇದೇ ಹುಡುಗಿ ಎರಡು ವರ್ಷದಿಂದ ದುಬೈಯಲ್ಲಿ ಒಬ್ಬಳೇ ಇದ್ದಾಳೆ. ಮನೆಗೆ ಮಾರ್ಬಲ್ ಹಾಕಿದ್ದು ಅವಳ ಹಣದಲ್ಲಿ. ದಿರ್ಹಮ್ ಬರುವಾಗ ಯಾರಿಗೂ ಮಹ್ರಮ್ ನೆನಪಾಗಲಿಲ್ಲ. ಅವಳದೇ ದುಡ್ಡು ಅವಳಿಗೇ ಅಂತ ಖರ್ಚಾಗುವಾಗ ನೆನಪಾಯಿತು. ನಮಾಝ್? ಸಫರಿನಲ್ಲಿ ಖಸರ್ ಇದೆ ಅಂತ ನಮಗೆ ಕಲಿಸಿದ್ದು ಯಾಕೆ? ಊಟದ ವಿಷಯ ಕಷ್ಟವೇ, ಅದನ್ನು ಅವಳು ಮೊದಲೇ ಬರೆದು ಕೇಳಿದ್ದಾಳೆ. ಹೆಂಗಸಿಗೆ ಕಡಲು ಆಗದು ಅನ್ನುವವರಿಗೆ ಒಂದು ಮಾತು: ಪಕ್ಕದ ಕೋಝಿಕ್ಕೋಡಿನ ದಿಲ್ನಾ, ನೌಕಾಪಡೆಯ ಇನ್ನೊಬ್ಬ ಅಧಿಕಾರಿ ರೂಪಾ, ಇಬ್ಬರೇ ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್‌ನಲ್ಲಿ ಗೋವಾ ಬಿಟ್ಟು, ಭೂಮಿ ಸುತ್ತಿ 2025ರ ಮೇಯಲ್ಲಿ ಮರಳಿದರು.

ಎಲ್ಲರೂ ಲಕ್ಷ ಕೊಟ್ಟು ಯುರೋಪಿಗೆ ಹೋಗಿ ಅನ್ನುವಷ್ಟು ಹುಚ್ಚು ನನಗಿಲ್ಲ. ಗಾಳಿಯಂತ್ರದ ಸಂಬಳದಲ್ಲಿ ನನ್ನ ಕೈಯಲ್ಲೂ ಆಗದು. ಸರಕಿನ ಮಂಜಿ ಪ್ರವಾಸಿಗರಿಗಲ್ಲ, ಅದೂ ಗೊತ್ತು. ಆದರೆ ಮಂಗಳೂರಿನಲ್ಲಿ ಎನ್‌ಸಿಸಿಯ ನೌಕಾ ಘಟಕ ಇದೆ. ಅದಕ್ಕೆ ಸೇರುತ್ತೇನೆ ಅಂದ ನನ್ನ ಮಗನಿಗೆ “ನೀಟ್‌ಗೆ ಓದು” ಅಂದವನೂ ನಾನೇ. ರಜೆಯಲ್ಲಿ ಮಕ್ಕಳನ್ನು ಮಾಲ್‌ಗೆ ಕರೆದೊಯ್ಯುತ್ತೇವೆ. ಹಳೇ ಬಂದರಿನ ದಕ್ಕೆಗೆ ಕರೆದೊಯ್ದು, ಇಗೋ ಇದು ಮಂಜಿ, ನಿನ್ನ ಅಜ್ಜ ಇದರಲ್ಲಿದ್ದರು ಅಂತ ತೋರಿಸಿದವರು ಎಷ್ಟು ಮಂದಿ? 2007ರಿಂದ ನಮಗೊಂದು ಬ್ಯಾರಿ ಸಾಹಿತ್ಯ ಅಕಾಡೆಮಿ ಇದೆ. ಹಾಯಿ ಏರಿಸುವಾಗ, ಇಳಿಸುವಾಗ ಕೂಗುತ್ತಿದ್ದ ಮಾತು ಗೊತ್ತಿದ್ದವರು ಒಬ್ಬೊಬ್ಬರೇ ಮಣ್ಣಾಗುತ್ತಿದ್ದಾರೆ. ಉಪ್ಪ ಹೋಗಿ ಒಂಬತ್ತು ವರ್ಷ. ಆಗ ನನ್ನ ಕಿಸೆಯಲ್ಲಿ ರೆಕಾರ್ಡ್ ಮಾಡುವ ಫೋನ್ ಇತ್ತು. ಒಂದು ನಿಮಿಷವೂ ಮಾಡಲಿಲ್ಲ.

ಹುಡುಗಿ ಮುಂಗಡ ಕಟ್ಟಿಬಿಟ್ಟಿದ್ದಾಳೆ. ನನಗೆ ಮಾತ್ರ ಫೋನ್ ಮಾಡಿ, “ಮಾಮ, ಅಜ್ಜ ಗಂಟು ಹಾಕುವುದನ್ನು ನಿಮಗೆ ಕಲಿಸಿದ್ದಾರಾ?” ಅಂತ ಕೇಳಿದಳು. ಒಂದೇ ಒಂದು ನೆನಪಿತ್ತು. ಬೆಳುಗುಪ್ಪದ ರೂಮಿನಲ್ಲಿ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ, ವಿಡಿಯೋ ಕಾಲ್‌ನಲ್ಲಿ ನಾಲ್ಕು ಸಲ ತಪ್ಪಿ, ಐದನೆಯ ಸಲ ತೋರಿಸಿದೆ.

ದೊಡ್ಡ ಮಗನಿಗೆ ಈಗ ಹೆಣ್ಣು ನೋಡುತ್ತಿದ್ದೇವೆ. ಅವನ ಬಯೋಡಾಟಾದಲ್ಲಿ ಈ ಸಲ “ಅಜ್ಜ: ಮಂಜಿಯ ಕಲಾಸಿ” ಅಂತ ನಾನೇ ಟೈಪ್ ಮಾಡಿದೆ. ಕಳಿಸಿ ಮೂರು ವಾರವಾಯಿತು, ಎರಡು ಮನೆಯಿಂದ ಇನ್ನೂ ಫೋನ್ ಬಂದಿಲ್ಲ.