ತಾಯಿ ಆನೆಗೆ ದಂತ ಬಿಡಿಸಿದವಳು ನಾನೇ

1/7
ಮೊದಲನೇ ಫೋಟೋ ನಿಮಗೆ ಗೊತ್ತಿರೋದೇ. ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿ ಶಾಲೆ ಗೋಡೆ. 30 ಅಡಿ ಉದ್ದ, 10 ಅಡಿ ಎತ್ತರ. ತಾಯಿ ಆನೆ, ಹಾಲು ಕುಡೀತಿರೋ ಮರಿ, ಹಿಂದೆ ಸಂಜೆಗೆಂಪು. ನನ್ನ ಪ್ರೊಫೈಲಿನಲ್ಲಿ ಅತಿ ಹೆಚ್ಚು ಲೈಕ್ ಬಂದಿದ್ದು ಇದಕ್ಕೇ. ನಿಮ್ಮಲ್ಲಿ ಎಷ್ಟೋ ಜನ ಸ್ಟೋರಿಗೆ ಹಾಕ್ಕೊಂಡ್ರಿ. ಥ್ಯಾಂಕ್ಸ್.

ಈಗ ಇನ್ನೊಂದ್ಸಲ ನೋಡಿ. ಇದರಲ್ಲಿ ಎರಡು ದೊಡ್ಡ ತಪ್ಪಿವೆ. ಸಿಕ್ಕಿದ್ರೆ ನೀವು ನನಗಿಂತ ವಾಸಿ. ಸಿಗದಿದ್ರೆ ಸ್ವೈಪ್ ಮಾಡಿ.

ವಾರಕ್ಕೆ ಒಬ್ಬರಾದ್ರೂ ಮೆಸೇಜ್ ಮಾಡ್ತೀರ: "ಅಕ್ಕಾ, ನಾನೂ ಗೋಡೆ ಚಿತ್ರ ಮಾಡ್ಬೇಕು, ವೈಲ್ಡ್‌ಲೈಫ್ ಆರ್ಟಿಸ್ಟ್ ಆಗ್ಬೇಕು. ಯಾವ ಬ್ರಶ್ ತಗೊಳ್ಳಲಿ?" ಬ್ರಶ್ ವಿಷಯ ಕೊನೇಲಿ ಹೇಳ್ತೀನಿ. ಅದಕ್ಕೆ ಮುಂಚೆ ಈ ಗೋಡೆ ಕಥೆ ಕೇಳಿ.

2/7
ಆರನೇ ದಿನ. ಸಾರವೆ ಮೇಲೆ ಕೂತು ಆನೆ ಕಣ್ಣಿಗೆ ಕೊನೇ ಬಿಳಿ ಚುಕ್ಕಿ ಇಡ್ತಿದ್ದೆ. ಕೆಳಗೆ ಐದನೇ ಕ್ಲಾಸಿನ ಹುಡುಗ ಒಬ್ಬ ಊಟದ ತಟ್ಟೆ ಹಿಡ್ಕೊಂಡು ಎಷ್ಟೋ ಹೊತ್ತಿಂದ ನಿಂತಿದ್ದ. ಚೆನ್ನಾಗಿದೆ ಅಂತಾನೆ ಅಂದ್ಕೊಂಡು ಕಾಯ್ತಿದ್ದೆ.

"ಅಕ್ಕಾ, ಮರಿ ಹಾಲು ಕುಡೀತಾ ಅದಲ್ಲ, ಅಮ್ಮನ್ಗೆ ದಂತ ಯಾಕದೆ?"

ನಾನು ಸುಮ್ಮನಾದೆ. ಅವನು ಬಿಡಲಿಲ್ಲ.

"ಹಾಲೂ ಅಲ್ಲಿರಲ್ಲ. ಮುಂಗಾಲ್ ಸಂದೀಲಿ ಇರ್ತದೆ."

ಹುಡುಗ ಹೇಳಿದ್ದು ಎರಡೂ ಸರಿ. ನಮ್ಮ ಏಷ್ಯಾದ ಆನೆಗಳಲ್ಲಿ ಹೊರಗೆ ಕಾಣೋ ಉದ್ದ ದಂತ ಇರೋದು ಗಂಡಿಗೆ ಮಾತ್ರ, ಅದೂ ಎಲ್ಲಾ ಗಂಡಿಗೂ ಅಲ್ಲ. ಹೆಣ್ಣು ಗಂಡು ಎರಡಕ್ಕೂ ದಂತ ಬರೋದು ಆಫ್ರಿಕಾ ಆನೆಗೆ. ಆನೆಯ ಕೆಚ್ಚಲು ಹಸುವಿನ ತರ ಹಿಂಗಾಲ ನಡುವೆ ಇರಲ್ಲ, ಮುಂಗಾಲ ನಡುವೆ ಇರುತ್ತೆ.

ತಪ್ಪು ಹೇಗಾಯ್ತು ಅಂತಾನೂ ಹೇಳಿಬಿಡ್ತೀನಿ. ನೆಟ್ಟಲ್ಲಿ ಸಿಕ್ಕ ಒಂದು ಚಂದದ ಫೋಟೋ ನೋಡಿ ಬಿಡಿಸಿದ್ದೆ. ಅದು ಆಫ್ರಿಕಾದ್ದು. ಕಿವಿ ದೊಡ್ಡದು ಅಂತ ಗೊತ್ತಾಗಿ ಕಿವಿ ಚಿಕ್ಕದು ಮಾಡಿದೆ. ಅಷ್ಟಕ್ಕೇ ಅದು ಬಂಡೀಪುರದ ಆನೆ ಆಗೋಯ್ತು ಅಂದ್ಕೊಂಡೆ. ಫೋಟೋದಲ್ಲಿ ಮರಿ ಮುಂಗಾಲ ಹತ್ರಾನೇ ಇತ್ತು. ಗೋಡೆ ಮೇಲೆ ಆ ಜಾಗಕ್ಕೆ ಸರಿಯಾಗಿ ಕಿಟಕಿ ಬಂತು. ಮರೀನ ಹಿಂದಕ್ಕೆ ತಳ್ಳಿದೆ, ಹಸು ಕರು ತರ. ಕಿಟಕಿಗೆ ಹೊಂದಿಸೋಕೆ ಆನೇನೇ ಬದಲಾಯಿಸಿಬಿಟ್ಟೆ.

3/7
ಮೇಷ್ಟ್ರು ಒಳ್ಳೆಯವರು. "ಬಿಡಿ ಮೇಡಂ, ಯಾರ್ ನೋಡ್ತಾರೆ, ಚೆನ್ನಾಗೇ ಅದೆ" ಅಂದ್ರು. ನನಗೂ ಬಿಟ್ಟುಬಿಡೋಣ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ. ಪೋಸ್ಟ್ ಆಗಲೇ ಓಡ್ತಿತ್ತು. ಬಣ್ಣ ಮುಗೀತಾ ಬಂದಿತ್ತು. ಸಾರವೆಗೆ ದಿನದ ಬಾಡಿಗೆ.

ಆದ್ರೆ ಆ ಹುಡುಗನ ಜೊತೆ ಜಗಲಿ ಮೇಲೆ ಕೂತು ಮಾತಾಡಿದೆ. ಬಾಳೆ ಗೊನೆ ಬಂದ ಕಾಲಕ್ಕೆ ಅವನ ತಾತ ರಾತ್ರಿ ಹೊಲದ ಅಟ್ಟಣೆ ಮೇಲೆ ಮಲಗ್ತಾರೆ. ಆನೆ ಬಂದ್ರೆ ಮೊದಲು ತಿಳ್ಕೋಬೇಕಾದ್ದು ಗುಂಪೋ, ಒಂಟಿ ಸಲಗವೋ ಅಂತ. ಗುಂಪು ಅಂದ್ರೆ ಹೆಣ್ಣಾನೆ, ಮರಿಗಳು. ಮರಿ ಇದ್ದ ಕಡೆ ತಾಯಿ ಸುಮ್ಮನಿರಲ್ಲ. ಸಲಗದ ಲೆಕ್ಕವೇ ಬೇರೆ, ಕೂಗಿದ್ರೂ ಪಟಾಕಿ ಹೊಡೆದ್ರೂ ಕೆಲವು ಕದಲೋದೇ ಇಲ್ಲ. ಕತ್ತಲಲ್ಲಿ ಮೊದಲು ಹೊಳೆಯೋದು ದಂತ. ದಂತ ಕಂಡ್ರೆ ಸಲಗ. ಇದನ್ನ ಆ ಮನೆ ಮಕ್ಕಳು ಅಆಇಈಗಿಂತ ಮೊದಲು ಕಲೀತಾರೆ.

ನಾನು ಅವರ ಶಾಲೆ ಗೋಡೆ ಮೇಲೆ ಏನು ಬರೆದಿದ್ದೆ? ದಂತ ಇರೋದು ಅಮ್ಮ, ಹತ್ರ ಮರಿ ಇದೆ, ಪಾಪ, ಪ್ರೀತಿ ಮಾಡಿ ಅಂತ.

ಊರವರಿಗೆ ಗೊತ್ತಿದ್ದದ್ದನ್ನ ಪಟ್ಟಣದಿಂದ ಬಂದು, ದುಡ್ಡು ತಗೊಂಡು, ತಪ್ಪಾಗಿ ಹೇಳಿಕೊಟ್ಟಿದ್ದೆ. ಕೆಳಗೆ ಅರ್ಧ ಅಡಿ ಅಕ್ಷರದಲ್ಲಿ "ವನ್ಯಜೀವಿ ಜಾಗೃತಿ" ಅಂತ ಬೇರೆ.

ಒಂದೂವರೆ ದಿನ ಜಾಸ್ತಿ ನಿಂತೆ. ದಂತ ಮುಚ್ಚೋದು ಸುಲಭ. ಮರೀದೇ ಕಷ್ಟ ಆಯ್ತು. ಗಾಢ ಬಣ್ಣದ ಮೇಲೆ ಎರಡು ಕೋಟ್ ಬಿಳಿ ಹೊಡೆದು, ಒಣಗಿಸಿ, ಹೊಸದಾಗಿ ಗೆರೆ ಹಾಕಿದೆ. ಕಿಟಕಿ ಇದ್ದಲ್ಲೇ ಇರುತ್ತಲ್ಲ, ಹಾಗಾಗಿ ಹಾಲು ಕುಡಿಸೋ ಆಸೆ ಬಿಟ್ಟೆ. ಮರಿ ಈಗ ಅಮ್ಮನ ಹೊಟ್ಟೆ ಕೆಳಗೆ ಸೊಂಡಿಲೆತ್ತಿ ನಿಂತಿದೆ. ಎರಡನೇ ಫೋಟೋ ಅದೇ. ಲೈಕ್ ಕಮ್ಮಿ. ಹುಡುಗ ಬಂದು ನೋಡಿ, "ಈಗ ಸರಿ ಅದೆ" ಅಂದು ಆಟಕ್ಕೆ ಓಡಿಹೋದ.

4/7
ಕ್ಲಾಸ್‌ಮೇಟ್ಸ್, ಇದು ನಿಮಗೆ.

ನಾವು ನಾಲ್ಕು ವರ್ಷ ಮೈಸೂರಲ್ಲಿ ಓದಿದ್ವಿ. ಪ್ರತಿ ವರ್ಷ ದಸರಾಕ್ಕೆ ಮುಂಚೆ ಕಾಡಿನ ಕ್ಯಾಂಪುಗಳಿಂದ ಆನೆಗಳು ಬರ್ತಿದ್ವು. ದಿನಾ ಅರಮನೆಯಿಂದ ಬನ್ನಿಮಂಟಪದವರೆಗೆ ತಾಲೀಮು. 750 ಕೆ.ಜಿ. ಅಂಬಾರಿ ಹೊರೋ ಗಂಡಾನೆಯ ಅಕ್ಕಪಕ್ಕ ನಡೆಯೋ ಕುಮ್ಕಿ ಆನೆಗಳು ಹೆಣ್ಣು. ದಂತ ಇಲ್ಲ. ಹಣೆ, ಕಿವಿ ಅಂಚು, ಸೊಂಡಿಲ ಮೇಲೆ ತಿಳಿ ಗುಲಾಬಿ ಮಚ್ಚೆ. ನಮ್ಮಿಂದ ಹತ್ತಡಿ ದೂರದಲ್ಲಿ ನಾಲ್ಕು ವರ್ಷ ನಡೆದು ಹೋದವು. ನಾವೇನ್ ಮಾಡಿದ್ವಿ? ಸೆಲ್ಫಿ ತಗೊಂಡ್ವಿ. ಬ್ಯಾಗಲ್ಲಿ ಸ್ಕೆಚ್ ಬುಕ್ ಇತ್ತು.

ಆರ್ಟ್ ಹಿಸ್ಟರಿಯಲ್ಲಿ ಡ್ಯೂರರ್‌ನ ಘೇಂಡಾಮೃಗ ನೆನಪಿದೆಯಾ? 1515ರಲ್ಲಿ ಗುಜರಾತಿನಿಂದ ಹೋದ ಒಂದು ಘೇಂಡಾಮೃಗ ಲಿಸ್ಬನ್ ತಲುಪಿತು. ಡ್ಯೂರರ್ ಅದನ್ನ ನೋಡಲೇ ಇಲ್ಲ. ಯಾರೋ ಕಳಿಸಿದ ವಿವರಣೆ, ಒಂದು ಸ್ಕೆಚ್ ನೋಡಿ ಮರದಚ್ಚು ಮಾಡಿದ. ಮೈಗೆ ಕಬ್ಬಿಣದ ಕವಚದಂಥ ತಗಡು, ಹೆಗಲ ಮೇಲೆ ಇಲ್ಲದ ಇನ್ನೊಂದು ಕೊಂಬು. ಚಿತ್ರ ಅದ್ಭುತ, ಅದೇ ತೊಂದರೆ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಯುರೋಪಿನವರು ಆ ತಪ್ಪನ್ನೇ ಕಾಪಿ ಮಾಡಿದ್ರು.

ನೂರು ವರ್ಷದ ನಂತರ ನಮ್ಮಲ್ಲಿ, ಜಹಾಂಗೀರನ ಆಸ್ಥಾನದಲ್ಲಿ, ಉಸ್ತಾದ್ ಮನ್ಸೂರ್ ಇದ್ದ. ಅವನದು ಅಂತ ಹೇಳೋ ಒಂದು ಡೋಡೋ ಹಕ್ಕಿ ಚಿತ್ರ ಈಗ ರಷ್ಯಾದ ಹರ್ಮಿಟಾಜ್ ಮ್ಯೂಸಿಯಂನಲ್ಲಿದೆ. ಆ ಹಕ್ಕಿ ಭೂಮಿ ಮೇಲಿಂದಲೇ ಹೋಯ್ತು. ಜೀವಂತ ಡೋಡೋದ ಬಣ್ಣ ಹೇಗಿತ್ತು ಅಂತ ತಿಳಿಯೋಕೆ ವಿಜ್ಞಾನಿಗಳು ಇವತ್ತಿಗೂ ನೋಡೋ ಚಿತ್ರಗಳಲ್ಲಿ ಅದೂ ಒಂದು.

ಡ್ಯೂರರ್ ನಮ್ಮೆಲ್ಲರಿಗಿಂತ ದೊಡ್ಡ ಕಲಾವಿದ. ಆದ್ರೂ ನೋಡದೆ ಬಿಡಿಸಿದ್ರೆ ಅವನಿಗೂ ಒಂದು ಕೊಂಬು ಜಾಸ್ತಿ ಬರುತ್ತೆ. ನಮ್ಮ ಗೋಡೆಗಳೂ ಹಾಗೇ. ಒಂದು ಬ್ಯಾಚ್ ಮಕ್ಕಳು ಏಳು ವರ್ಷ ಅದರ ಮುಂದೆ ಪ್ರಾರ್ಥನೆಗೆ ನಿಲ್ಲುತ್ತೆ.

5/7
ಈಗ ನನ್ನ ಎರಡನೇ ಜಗಳ: ಎಲ್ಲಾ ಕಡೆ ಹುಲಿ ಯಾಕೆ?

ಹುಲಿ ಮೇಲೆ ಸಿಟ್ಟಿಲ್ಲ. ಬಂಡೀಪುರ, ನಾಗರಹೊಳೆ, ಭದ್ರಾ, ಬಿಳಿಗಿರಿರಂಗನ ಬೆಟ್ಟ, ಕಾಳಿ ಕಡೆ ಬಿಡಿಸಿ, ಅಲ್ಲಿ ಅದು ನೆರೆಮನೆಯವನು. ಆದ್ರೆ "ನಮ್ಮ ಕಾಡು, ನಮ್ಮ ಹೆಮ್ಮೆ" ಅಂತ ಬರೆದು ಮೇಲೆ ಸಿಂಹ ಬಿಡಿಸಿರೋ ಗೋಡೇನೂ ನೋಡಿದೀನಿ. ದೇಶದಲ್ಲಿ ಸಿಂಹ ಕಾಡಲ್ಲಿ ಇರೋದು ಗುಜರಾತಿನ ಗಿರ್ ಸುತ್ತಮುತ್ತ ಮಾತ್ರ!

ರಾಣೆಬೆನ್ನೂರಿನ ಮಕ್ಕಳಿಗೆ ಕೃಷ್ಣಮೃಗ ಇದೆ. ದರೋಜಿ ಕಡೆಯವರಿಗೆ ಕರಡಿ. ಹಂಪಿ, ಕಂಪ್ಲಿ ಕಡೆಯವರಿಗೆ ತುಂಗಭದ್ರೆಯ ನೀರುನಾಯಿ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ಹೊಳೇನ ಅದಕ್ಕೋಸ್ಕರ ಮೀಸಲು ಮಾಡಿದ್ದಾರೆ. ಶರಾವತಿ, ಅಘನಾಶಿನಿ ಕಣಿವೆಗೆ ಸಿಂಗಳೀಕ. ತುಮಕೂರಿನ ಕಡೆ ಕಾಡುಪಾಪ. ಮದ್ದೂರು ಹತ್ರ ಕೊಕ್ಕರೆ ಬೆಳ್ಳೂರಲ್ಲಿ ಹೆಜ್ಜಾರ್ಲೆ ಮನೆ ಮುಂದಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತೆ. ಸಿರುಗುಪ್ಪದ ಬಯಲಲ್ಲಿ ಎರ್ಲಡ್ಡು ಹಕ್ಕಿ ಬೆರಳೆಣಿಕೆಯಷ್ಟೇ ಉಳಿದಿದೆ. ಅದನ್ನ ಗೋಡೆ ಮೇಲೆ ನಾವು ಬಿಡಿಸದೆ ಇನ್ಯಾರು ಬಿಡಿಸಬೇಕು?

ಊರಿನ ಪ್ರಾಣಿ ಆದ್ರೂ ನೋಡಿಯೇ ಬಿಡಿಸಬೇಕು. ನಮ್ಮ ರಾಜ್ಯಪಕ್ಷಿ ನೀಲಕಂಠ ತಗೊಳ್ಳಿ. ಹೆಸರು ನಂಬಿ ಕತ್ತಿಗೆ ನೀಲಿ ಬಳಿದ್ರೆ ಹೋಯ್ತು. ಕತ್ತು, ಎದೆ ಕಂದು. ನೀಲಿ ಇರೋದು ನೆತ್ತಿ, ರೆಕ್ಕೆ, ಬಾಲದಲ್ಲಿ. ಕರೆಂಟ್ ತಂತಿ ಮೇಲೆ ಕೂತಾಗ ಸಾಧಾರಣ ಹಕ್ಕಿ. ಹಾರಿದಾಗ ನೀಲಿ ಬಿಚ್ಚಿಕೊಳ್ಳುತ್ತೆ. ಚಿರತೆ ಮೈಯ ಹೂಮಚ್ಚೆ ಒಳಗೆ ಚುಕ್ಕಿ ಇರಲ್ಲ, ಚುಕ್ಕಿ ಇದ್ರೆ ಅದು ದಕ್ಷಿಣ ಅಮೆರಿಕದ ಜಾಗ್ವಾರ್. ಈಗಂತೂ ಕೆಲಸ ಕೊಡೋರು ಎಐ ಚಿತ್ರ ಕಳಿಸಿ "ಹಿಂಗೇ ಮಾಡ್ಕೊಡಿ" ಅಂತಾರೆ. ಆ ಚಿತ್ರದ ಚಿರತೆಗೆ ಅರ್ಧ ಮೈ ಚಿರತೇದು, ಅರ್ಧ ಮೈ ಜಾಗ್ವಾರ್‌ದು. ಬೇಡ ಅನ್ನೋಕೆ ನಮಗೆ ಗೊತ್ತಿರಬೇಕಲ್ವಾ?

6/7
"ಕಲೆಗೆ ಸ್ವಾತಂತ್ರ್ಯ ಇಲ್ವಾ? ಎಲ್ಲಾನೂ ಫೋಟೋ ತರ ಇರಬೇಕಾ?" ಅಂತ ಕೇಳ್ತೀರ. ಕೇಳಬೇಕು.

ಬೇಡ, ಫೋಟೋ ತರ ಬೇಡ. ಸಾಗರದ ಕಡೆ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ನಾರಿನ ಕುಂಚ, ಬರೀ ಗೆರೆ. ಅಲ್ಲಿ ಯಾವುದೂ "ಇದ್ದ ಹಾಗೆ" ಇಲ್ಲ. ಆದ್ರೆ ಭತ್ತದ ಜೊತೆ ಬದುಕಿದ ಕೈ ಎಳೆದ ಗೆರೆ ಅದು. ಗೊತ್ತಿದ್ದು ಬಿಡೋದು ಬೇರೆ, ಗೊತ್ತಿಲ್ಲದೆ ಬಿಟ್ಟುಹೋಗೋದು ಬೇರೆ. ನನ್ನ ಆನೆಗೆ ದಂತ ಬಂದಿದ್ದು ಸ್ವಾತಂತ್ರ್ಯದಿಂದ ಅಲ್ಲ, ಸೋಮಾರಿತನದಿಂದ. ಹತ್ತು ಆನೆ ನೋಡಿದ ಮೇಲೆ ನೀಲಿ ಆನೆ ಬಿಡಿಸಿ, ರೆಕ್ಕೆ ಹಚ್ಚಿ, ನಾನೇ ಮೊದಲ ಲೈಕ್ ಒತ್ತೀನಿ.

ನೋಡೋಕೆ ಸಫಾರಿ ದುಡ್ಡು ಬೇಕು ಅಂತಾನೂ ಇಲ್ಲ. ನಿಮ್ಮೂರ ಕೆರೆ ಏರಿ ಮೇಲೆ ಬೆಳಗ್ಗೆ ಆರಕ್ಕೆ ಕೂತ್ಕೊಳ್ಳಿ. ಕೊಕ್ಕರೆ ಕಾಲು ಎಲ್ಲಿ ಮಡಚುತ್ತೆ ಅಂತ ನೋಡಿ. ಮೈಸೂರು ಮೃಗಾಲಯದಲ್ಲಿ ಒಂದೇ ಪಂಜರದ ಮುಂದೆ ಇಡೀ ದಿನ ನಿಲ್ಲಿ. ಗೂಡಿನ ಹತ್ರ ಹೋಗ್ಬೇಡಿ, ಓಡಿಸಿ ಹಾರಿಸ್ಬೇಡಿ.

7/7
ಕೊನೇದು, ದುಡ್ಡು. ಇದನ್ನ ಯಾರೂ ಕ್ಲಾಸಲ್ಲಿ ಹೇಳಲ್ಲ.

ಆ ಗೋಡೆ 300 ಚದರ ಅಡಿ. ಅಡಿಗೆ 90 ರೂಪಾಯಿಯಂತೆ 27,000. ಪಾಚಿ ಕೆರೆಯೋದು, ಪುಟ್ಟಿ, ಪ್ರೈಮರ್, ಬಣ್ಣ, ಸಾರವೆ, ಸಹಾಯಕ್ಕೆ ಒಬ್ಬರು, ಬಸ್ಸು, ಊಟ ಕಳೆದು ನನಗೆ ಉಳಿದಿದ್ದು ಹತ್ತಿರ ಹತ್ತಿರ 9,000. ಎಂಟು ದಿನಕ್ಕೆ. ಆ ಲೆಕ್ಕದಲ್ಲಿ ಆನೆ ನೋಡೋಕೆ ಅಂತ ಒಂದು ದಿನಾನೂ ಇರಲಿಲ್ಲ. ಚದರ ಅಡಿ ಲೆಕ್ಕದಲ್ಲಿ ಕೈಗೆ ಕೂಲಿ ಇದೆ, ಕಣ್ಣಿಗಿಲ್ಲ. ಅದಕ್ಕೇ ನಾವೆಲ್ಲ ನೆಟ್ಟಿಂದ ಎತ್ತೋದು. ತಪ್ಪು ನಮ್ಮದೇ, ಆದ್ರೆ ಲೆಕ್ಕಾನೂ ತಪ್ಪಿದೆ.

ಈಗ ನನ್ನ ಕೊಟೇಶನ್‌ನಲ್ಲಿ ಮೊದಲ ಸಾಲು: "ನೋಡುವ ದಿನ: 2". ಸುಮಾರು ಜನ ಅದನ್ನೇ ಹೊಡೆದು ಹಾಕ್ತಾರೆ. ಎರಡು ಕೆಲಸ ಕೈಬಿಟ್ಟಿದೆ. ಬಾಡಿಗೆ ಕಟ್ಟೋ ವಾರದಲ್ಲಿ ಹೊಟ್ಟೆ ಉರಿಯುತ್ತೆ. ಆದ್ರೂ ಆ ಸಾಲು ತೆಗೆಯಲ್ಲ. ನಾನೊಬ್ಬಳೇ ಬರೆದ್ರೆ ಅದು ಹಠ. ನೀವೆಲ್ಲ ಬರೆದ್ರೆ ಅದೇ ರೇಟು.

ಇನ್ನೊಂದು ಅಭ್ಯಾಸ ಶುರು ಮಾಡಿ, ಇದಕ್ಕೆ ಖರ್ಚಿಲ್ಲ. ಗೋಡೆ ಮೇಲೆ ಚಾಕ್‌ಪೀಸಲ್ಲಿ ಗೆರೆ ಹಾಕಿದ ದಿನ, ಬಣ್ಣ ತೆರೆಯೋ ಮುಂಚೆ, ಆ ಊರಿನ ಮೂರು ಜನರಿಗೆ ತೋರಿಸಿ. ಒಬ್ಬ ರೈತ, ಬಿಸಿಯೂಟದ ಅಕ್ಕ, ಒಂದು ಮಗು. "ಚೆನ್ನಾಗಿದೆಯಾ?" ಅಂತ ಕೇಳ್ಬೇಡಿ. "ಏನು ತಪ್ಪಿದೆ?" ಅಂತ ಕೇಳಿ. ಚಾಕ್‌ಪೀಸ್ ಅಳಿಸೋಕೆ ಒದ್ದೆ ಬಟ್ಟೆ ಸಾಕು. ನನಗೆ ಒಂದೂವರೆ ದಿನ ಬೇಕಾಯ್ತು.

ಹಾಂ, ಬ್ರಶ್. ದೊಡ್ಡ ಜಾಗಕ್ಕೆ ರೋಲರ್, ಮೈಗೆ ನಾಲ್ಕಿಂಚು, ಕೂದಲು-ಕಣ್ಣಿಗೆ ನಿಮ್ಮ ಹಳೇ ಸವೆದ ಬ್ರಶ್. ಯಾವ ಕಂಪನಿ ಆದ್ರೂ ನಡಿಯುತ್ತೆ.

ನಿಮ್ಮೂರಿನ ಪ್ರಾಣಿ ಅಥವಾ ಹಕ್ಕಿ ಯಾವುದು, ಕಾಮೆಂಟಲ್ಲಿ ಬರೀರಿ. ಹುಲಿ ಅಂತ ಬರೆದ್ರೆ, ಎಲ್ಲಿ ನೋಡಿದ್ರಿ ಅಂತ ಖಂಡಿತ ಕೇಳ್ತೀನಿ.

#ನೋಡಿಬಿಡಿಸಿ #ಗೋಡೆಚಿತ್ರ #ನಮ್ಮೂರಪ್ರಾಣಿ