ಅಜ್ಜ ಬಂದದ್ದು ಒಂದು ದಿನ ಮೊದಲು

ಬುಧವಾರ ಬೆಳಿಗ್ಗೆ ಎಂಟೂಕಾಲಿಗೆ ನಮ್ಮ ಸಪೋರ್ಟ್ ಗ್ರೂಪಿಗೆ ಒಂದು ಫೋಟೊ ಬಂತು. ಕೀಪ್ಯಾಡ್ ಫೋನಿನ ಪುಟ್ಟ ಸ್ಕ್ರೀನು, ಅದರಲ್ಲಿ ನಮ್ಮದೇ ಸಿಸ್ಟಂ ಕಳಿಸಿದ ಎಸ್‌ಎಂಎಸ್. ಫೋನು ಹಿಡಿದವರ ಹೆಬ್ಬೆರಳೂ ಫೋಟೊದಲ್ಲಿ ಬಿದ್ದಿತ್ತು. ‘ನಿಮ್ಮ ರಕ್ತ ಪರೀಕ್ಷೆ: ಮಾರ್ಚ್ 13, ಬೆಳಿಗ್ಗೆ 7ರಿಂದ 9. ಖಾಲಿ ಹೊಟ್ಟೆಯಲ್ಲಿ ಬನ್ನಿ.’

ಕಳಿಸಿದ್ದು ಬೆಂಗಳೂರಿನ ಒಂದು ಲ್ಯಾಬಿನ ರಿಸೆಪ್ಷನ್‌ನಲ್ಲಿದ್ದ ಹುಡುಗಿ. ಆ ಲ್ಯಾಬಿನ ಬುಕಿಂಗ್ ವೆಬ್ ಆ್ಯಪ್ ಮಾಡಿಕೊಟ್ಟವರು ನಾವು. ಫೋಟೊದ ಕೆಳಗೆ ಬರೆದಿದ್ದಳು: “ಸರ್, ಈ ಅಜ್ಜ ಕುಣಿಗಲ್ ಕಡೆಯಿಂದ ಮೊದಲನೇ ಬಸ್ಸಿಗೆ ಬಂದಿದಾರೆ. ರಾತ್ರಿಯಿಂದ ಏನೂ ತಿಂದಿಲ್ವಂತೆ. ನನ್ನ ಸ್ಕ್ರೀನಲ್ಲಿ ಇವರ ಬುಕಿಂಗ್ 14ಕ್ಕೆ ಅಂತಿದೆ. ಏನು ಹೇಳ್ಲಿ?”

ನಾನು ಕೊಟ್ಟ ಉತ್ತರ: “ಯಾವುದೋ ಹಳೇ ಮೆಸೇಜ್ ನೋಡ್ಕೊಂಡು ಬಂದಿರ್ಬೇಕು. ಸರಿಯಾಗಿ ಚೆಕ್ ಮಾಡಿ.”

ಈ ಕೆಲಸದಲ್ಲಿ ಎಂಟು ವರ್ಷ ಆಯ್ತು. ಏನಾದರೂ ಕೆಟ್ಟಾಗ ನಮ್ಮ ಅನುಮಾನ ಹೋಗುವ ದಾರಿ ಯಾವಾಗಲೂ ಒಂದೇ. ಮೊದಲು ಬಳಕೆದಾರರ ಮೇಲೆ, ಆಮೇಲೆ ಲೈಬ್ರರಿಯ ಮೇಲೆ, ಎಲ್ಲಾ ಮುಗಿದ ಮೇಲೆ, ಬೇರೆ ದಾರಿಯೇ ಇಲ್ಲ ಅಂದಾಗ, ನಮ್ಮ ಕೋಡಿನ ಮೇಲೆ. ಆವತ್ತೂ ಹಾಗೇ ಆಯಿತು.

‘ನನ್ನ ಹತ್ರ ಸರಿ ಬರ್ತಿದೆ’

ಲಾಗ್ ತೆಗೆದು ನೋಡಿದೆ. ಮೆಸೇಜ್ ಹಳೆಯದಲ್ಲ. ಅಜ್ಜನ ಮಗಳು ಭಾನುವಾರ ತನ್ನ ಫೋನಿನಿಂದ ಬುಕ್ ಮಾಡಿ, ಅಪ್ಪನ ನಂಬರ್ ಕೊಟ್ಟಿದ್ದರು. ಅವರ ಸ್ಕ್ರೀನಿನಲ್ಲಿ 14, ಅಪ್ಪನ ಫೋನಿಗೆ ಹೋದ ಎಸ್‌ಎಂಎಸ್‌ನಲ್ಲಿ 13.

ನನ್ನ ಲ್ಯಾಪ್‌ಟಾಪಿನಲ್ಲಿ ಇಡೀ ಆ್ಯಪ್ ಓಡಿಸಿ 14ಕ್ಕೆ ಒಂದು ಬುಕಿಂಗ್ ಮಾಡಿದೆ. ಟೆಸ್ಟ್ ಎಸ್‌ಎಂಎಸ್‌ನಲ್ಲೂ 14 ಅಂತಲೇ ಬಂತು. ಇನ್ನೊಂದು ಮಾಡಿದೆ, ಅದೂ ಸರಿ. “ನನ್ನ ಹತ್ರ ಸರಿ ಬರ್ತಿದೆ” ಅಂತ ಘೋಷಿಸಿದೆ. ನಮ್ಮ ವೃತ್ತಿಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತಿದು. ಎಸ್‌ಎಂಎಸ್ ಕಳಿಸುವ ಲೈಬ್ರರಿಯೇ ಏನೋ ಎಡವಟ್ಟು ಮಾಡುತ್ತಿದೆ ಅಂತ ಅದರ ಕೋಡ್ ಬಿಚ್ಚಿ ಕೂತೆ. ಅರ್ಧ ಗಂಟೆ ಹಾಳಾಯಿತು.

ಟೀಮಿಗೆ ಆಗಷ್ಟೇ ಸೇರಿದ್ದ ಹುಡುಗಿ ನನ್ನ ಪಕ್ಕದಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದಳು. ಈ ಕಡೆ ‘ಎಲ್ಲಿ ಸರಿ’, ಆ ಕಡೆ ‘ಎಲ್ಲಿ ತಪ್ಪು’. ಸರಿ ಇರುವುದು: ಮಗಳ ಬ್ರೌಸರು, ಲ್ಯಾಬಿನ ಬ್ರೌಸರು, ನನ್ನ ಲ್ಯಾಪ್‌ಟಾಪಿನ ಸರ್ವರು. ತಪ್ಪಿರುವುದು: ನಿಜವಾದ ಸರ್ವರು, ಅದೊಂದೇ. ಕೋಡು ಒಂದೇ, ಲೈಬ್ರರಿಗಳೂ ಒಂದೇ. “ಹಾಗಾದ್ರೆ ಈ ಎರಡು ಮಷೀನಿನಲ್ಲಿ ಬೇರೆ ಇರೋದೇನು?” ಅಂತ ಕೇಳಿ, ಎರಡೂ ಕಡೆ ಟೈಮ್ ಎಷ್ಟಾಗಿದೆ ನೋಡೋಣ ಅಂದಳು.

ನನ್ನ ಲ್ಯಾಪ್‌ಟಾಪಿನಲ್ಲಿ 9:10. ಸರ್ವರಿನಲ್ಲಿ 3:40.

ಸರ್ವರಿನ ಗಡಿಯಾರ ಕೆಟ್ಟಿರಲಿಲ್ಲ. ಕ್ಲೌಡ್ ಸರ್ವರುಗಳನ್ನು ಸಾಮಾನ್ಯವಾಗಿ ಯುಟಿಸಿ, ಅಂದರೆ ಜಾಗತಿಕ ಮಾನಕ ಸಮಯದಲ್ಲೇ ಇಡುತ್ತಾರೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ನನ್ನ ಲ್ಯಾಪ್‌ಟಾಪಿನಲ್ಲಿ ಟೈಮ್ ಝೋನ್ ವೇರಿಯಬಲ್‌ಗೆ ಯುಟಿಸಿ ಅಂತ ಕೊಟ್ಟು ಮತ್ತೆ ಓಡಿಸಿದೆ. ಎಸ್‌ಎಂಎಸ್‌ನಲ್ಲಿ 13 ಬಂತು. ಎರಡನೇ ಸಲವೂ 13.

ತೊಂದರೆ ನಮ್ಮ ಕಣ್ಣೆದುರಿಗೇ, ಕರೆದಾಗೆಲ್ಲ ಬರುವ ಹಾಗಾದರೆ ಅರ್ಧ ಕೆಲಸ ಮುಗಿದ ಹಾಗೆ. ಇನ್ನರ್ಧ, ಅದು ಯಾಕೆ ಬಂತು ಅನ್ನುವುದು.

ದಿನ ಶುರುವಾಗುವುದು ಯಾವಾಗ?

ಮನೆಯಲ್ಲಿ ಅಜ್ಜಿಯಂದಿರಿದ್ದರೆ ಈ ಜಗಳ ನಿಮಗೆ ಗೊತ್ತಿರುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ ಮಗು ಹುಟ್ಟಿದರೆ ಆಸ್ಪತ್ರೆಯ ಕಾಗದದಲ್ಲಿ ಬುಧವಾರ. ಅಜ್ಜಿಯ ಲೆಕ್ಕದಲ್ಲಿ ಇನ್ನೂ ಮಂಗಳವಾರ ರಾತ್ರಿ, ಯಾಕೆಂದರೆ ಪಂಚಾಂಗದ ವಾರ ಬದಲಾಗುವುದು ಸೂರ್ಯೋದಯಕ್ಕೆ. ಇಬ್ಬರ ಲೆಕ್ಕವೂ ಸರಿಯೇ. ದಿನ ಎಲ್ಲಿಂದ ಶುರು ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ.

ನಮ್ಮ ಆ್ಯಪ್‌ನಲ್ಲೂ ಇದೇ ಆಗಿತ್ತು. ಕ್ಯಾಲೆಂಡರಿನಲ್ಲಿ 14ನ್ನು ಮುಟ್ಟಿದರೆ ಆ ಲೈಬ್ರರಿ ನಮಗೆ ಕೊಡುತ್ತಿದ್ದುದು ಬರೀ ತಾರೀಖನ್ನಲ್ಲ, ಒಂದು ಕ್ಷಣವನ್ನು: ‘14ನೇ ತಾರೀಖು, ಮಧ್ಯರಾತ್ರಿ 12 ಗಂಟೆ, ಭಾರತದ ಸಮಯ’. ನಾವು ಅದನ್ನೇ ಯುಟಿಸಿಗೆ ಬದಲಿಸಿ ಸರ್ವರಿಗೆ ಕಳಿಸುತ್ತಿದ್ದೆವು. ಭಾರತದಲ್ಲಿ 14ರ ಮಧ್ಯರಾತ್ರಿ ಅಂದರೆ ಯುಟಿಸಿಯಲ್ಲಿ 13ರ ಸಂಜೆ 6:30. ಬ್ರೌಸರು ಅದನ್ನು ಮತ್ತೆ ಭಾರತದ ಸಮಯಕ್ಕೆ ತಿರುಗಿಸಿ 14 ಅಂತ ತೋರಿಸುತ್ತಿತ್ತು. ಸರ್ವರು ತನ್ನ ಲೆಕ್ಕದಲ್ಲೇ ಓದಿ 13 ಅಂತ ಎಸ್‌ಎಂಎಸ್ ಬರೆಯುತ್ತಿತ್ತು. ಸ್ಮಾರ್ಟ್‌ಫೋನಿನಲ್ಲಿ ಬುಕ್ ಮಾಡಿ ಸ್ಕ್ರೀನ್ ನೋಡಿಕೊಂಡು ಬಂದವರಿಗೆ ಏನೂ ಆಗಲಿಲ್ಲ. ಎಸ್‌ಎಂಎಸ್ ಒಂದನ್ನೇ ನಂಬಿದ ಅಜ್ಜ ಮಾತ್ರ ಸಿಕ್ಕಿಬಿದ್ದರು.

ಆದರೆ ಸರ್ವರು ಯುಟಿಸಿಯಲ್ಲಿ ಎರಡು ವರ್ಷದಿಂದ ಇದೆಯಲ್ಲ, ಇಷ್ಟು ದಿನ ಯಾಕೆ ಈ ತೊಂದರೆ ಬರಲಿಲ್ಲ?

ಸಾಮಾನ್ಯ ಅಪ್‌ಡೇಟ್

‘ಯಾವುದು ಬದಲಾಯಿತು?’ ಅನ್ನುವುದು ಈಗ ಕೇಳಬೇಕಾದ ಪ್ರಶ್ನೆ. ಹಿಂದಿನ ಗುರುವಾರ ನಾವು ಹೊಸ ರಿಲೀಸ್ ಮಾಡಿದ್ದೆವು, ಅದರಲ್ಲಿ ಸುಮಾರು ಅರವತ್ತು ಕಮಿಟ್‌ಗಳು. ಒಂದೊಂದಾಗಿ ನೋಡುತ್ತಾ ಕೂತರೆ ಸಂಜೆಯಾಗುತ್ತದೆ. ಇದಕ್ಕೆ ಗಿಟ್‌ನಲ್ಲಿ ಬೈಸೆಕ್ಟ್ ಅಂತ ಒಂದು ಕಮಾಂಡ್ ಇದೆ. ಸರಿಯಿದ್ದ ಒಂದು ಕಮಿಟ್, ಕೆಟ್ಟಿರುವ ಒಂದು ಕಮಿಟ್ ಹೇಳಿದರೆ ಅದು ನಡುಮಧ್ಯದ್ದನ್ನು ಎತ್ತಿಕೊಡುತ್ತದೆ. ಓಡಿಸಿ ನೋಡಿ ‘ಸರಿ’ ಅಥವಾ ‘ತಪ್ಪು’ ಅಂದರೆ ಉಳಿದ ಅರ್ಧದ ಮಧ್ಯಕ್ಕೆ ಹೋಗುತ್ತದೆ. ಅರವತ್ತು ಮೂವತ್ತಾಗಿ, ಹದಿನೈದಾಗಿ, ಆರೇ ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ.

ಆರನೇ ಸುತ್ತಿನಲ್ಲಿ ಸಿಕ್ಕ ಕಮಿಟ್ ನನ್ನದೇ ಆಗಿತ್ತು. ‘ಕ್ಯಾಲೆಂಡರ್ ಲೈಬ್ರರಿ, ಸಾಮಾನ್ಯ ಅಪ್‌ಡೇಟ್’ ಅಂತ ನಾನೇ ಬರೆದಿದ್ದೆ.

ಅದು ಸಾಮಾನ್ಯ ಅಪ್‌ಡೇಟ್ ಆಗಿರಲಿಲ್ಲ. ಲೈಬ್ರರಿಗಳ ವರ್ಷನ್‌ಗೆ ಮೂರು ಅಂಕಿಗಳಿರುತ್ತವೆ. ಕೊನೆಯದು ಬದಲಾದರೆ ಸಣ್ಣ ರಿಪೇರಿ, ಮಧ್ಯದ್ದು ಬದಲಾದರೆ ಹೊಸ ಸೌಲಭ್ಯ. ಮೊದಲನೆಯದು ಬದಲಾದರೆ ‘ನಿಮ್ಮ ಹಳೆಯ ಕೋಡ್ ಮುರಿಯಬಹುದು, ನೋಡಿಕೊಳ್ಳಿ’ ಅನ್ನುವ ಎಚ್ಚರಿಕೆ. ನಾನು ಬದಲಿಸಿದ್ದು ಮೊದಲನೆಯದನ್ನು. ಅಪ್‌ಡೇಟ್ ಮಾಡಿದ ಮೇಲೆ ಎಡಿಟರ್‌ನಲ್ಲಿ ಕೆಂಪಗೆ ಕಂಡದ್ದನ್ನೆಲ್ಲ ಸರಿಮಾಡಿ, ಟೆಸ್ಟ್ ಹಸಿರಾದ ಮೇಲೆ ಊಟಕ್ಕೆ ಹೋಗಿದ್ದೆ. ರಿಲೀಸ್ ನೋಟ್ಸ್ ಓದಿರಲಿಲ್ಲ.

ಅದರಲ್ಲಿ ಒಂದು ಸಾಲಿತ್ತು. ಆಯ್ಕೆ ಮಾಡಿದ ದಿನ ಇನ್ನು ಮುಂದೆ ಮಧ್ಯಾಹ್ನ 12ರ ಬದಲು ಮಧ್ಯರಾತ್ರಿ 12 ಗಂಟೆಯಾಗಿ ಬರುತ್ತದೆ ಅಂತ.

ಭಾರತದ ಮಧ್ಯಾಹ್ನ 12 ಅಂದರೆ ಯುಟಿಸಿಯಲ್ಲಿ ಬೆಳಿಗ್ಗೆ 6:30, ಅದೇ ತಾರೀಖು. ಮಧ್ಯರಾತ್ರಿ ಅಂದರೆ ಹಿಂದಿನ ತಾರೀಖು. ಎರಡು ವರ್ಷ ನಮ್ಮ ಕೋಡ್ ಸರಿಯಿತ್ತು ಅಂದುಕೊಂಡಿದ್ದೆವು. ನಿಜಕ್ಕೂ ಆ ಮಧ್ಯಾಹ್ನದ ಹನ್ನೆರಡು ಗಂಟೆ ನಮ್ಮ ತಪ್ಪನ್ನು ಮುಚ್ಚಿಟ್ಟಿತ್ತು. ಲೈಬ್ರರಿಯವರು ಹೇಳಿಯೇ ಬದಲಿಸಿದ್ದರು. ಅದರ ಹೆಸರು ಇಲ್ಲಿ ಬೇಡ, ತಪ್ಪು ಅದರದ್ದಲ್ಲ. ಟೆಸ್ಟ್‌ಗಳು ಹಸಿರಾಗಿಯೇ ಇದ್ದದ್ದಕ್ಕೂ ಕಾರಣ ಅದೇ: ಅವುಗಳಲ್ಲಿ ನಾವು ಕೈಯಾರೆ ಬರೆದಿಟ್ಟ ದಿನಾಂಕಗಳೆಲ್ಲ ಮಧ್ಯಾಹ್ನ ಹನ್ನೆರಡರವೇ.

ಐದೂವರೆ ಗಂಟೆ ಕೂಡಿಸಿಬಿಡೋಣ?

ಗಡಿಬಿಡಿಯಲ್ಲಿ ಮೊದಲು ಹೊಳೆಯುವ ಉಪಾಯ ಇದೇ. ಸರ್ವರಿನಲ್ಲಿ ಐದೂವರೆ ಗಂಟೆ ಕೂಡಿಸಿದರೆ 14 ಬರುತ್ತದೆ, ಆ ಹೊತ್ತಿಗೆ ಎಲ್ಲರೂ ಖುಷಿ. ನಾನು ಟೈಪ್ ಮಾಡಲು ಶುರು ಮಾಡಿಯೂ ಇದ್ದೆ. ಆಗ ಆ ಹುಡುಗಿ ಕೇಳಿದಳು: “ಸಿಂಗಪುರದಲ್ಲಿರೋ ಮಗ ಇಲ್ಲಿರೋ ಅಮ್ಮನಿಗೆ ಬುಕ್ ಮಾಡಿದ್ರೆ?”

ಲೆಕ್ಕ ಹಾಕಿದೆವು. ಸಿಂಗಪುರ ಯುಟಿಸಿಗಿಂತ ಎಂಟು ಗಂಟೆ ಮುಂದೆ. ಅಲ್ಲಿ 14ರ ಮಧ್ಯರಾತ್ರಿ ಅಂದರೆ ಯುಟಿಸಿಯಲ್ಲಿ 13ರ ಸಂಜೆ 4, ಐದೂವರೆ ಕೂಡಿಸಿದರೆ ನಮ್ಮಲ್ಲಿ 13ರ ರಾತ್ರಿ 9:30. ಮತ್ತೆ ಒಂದು ದಿನ ಮೊದಲು. ಈ ಸಲ ಲ್ಯಾಬಿನ ಸ್ಕ್ರೀನಿನಲ್ಲೂ 13.

ರೋಗ ಬೇರೆ ಕಡೆ ಇತ್ತು. ರಕ್ತ ಪರೀಕ್ಷೆಯ ತಾರೀಖು ಒಂದು ಕ್ಷಣವಲ್ಲ, ಕ್ಯಾಲೆಂಡರಿನ ಒಂದು ಚೌಕ. ಹುಟ್ಟಿದ ದಿನವೂ ಹಾಗೇ, ಕರೆಂಟ್ ಬಿಲ್ ಕಟ್ಟುವ ಕೊನೆಯ ದಿನವೂ ಹಾಗೇ. ಅದಕ್ಕೆ ಗಂಟೆಯೂ ಬೇಡ, ಟೈಮ್ ಝೋನೂ ಬೇಡ. ಕ್ಯಾಲೆಂಡರಿನಿಂದ ವರ್ಷ, ತಿಂಗಳು, ದಿನ ಮೂರನ್ನೇ ತೆಗೆದು ಬರೀ ಅಕ್ಷರವಾಗಿ ಕಳಿಸಿ, ಡೇಟಾಬೇಸಿನಲ್ಲಿ ‘ಡೇಟ್’ ಅನ್ನುವ ಕಾಲಂನಲ್ಲಿ ಇಟ್ಟೆವು. ಎಲ್ಲಿಯೂ ಯಾವುದನ್ನೂ ತಿರುಗಿಸುವ ಹಾಗಿಲ್ಲ.

ಇಲ್ಲೂ ಒಂದು ಗುಂಡಿ ಇದೆ. ‘2024-03-14’ ಅನ್ನುವ ಅಕ್ಷರಗಳನ್ನು ಜಾವಾಸ್ಕ್ರಿಪ್ಟ್‌ನ ‘ಡೇಟ್’ಗೆ ಕೊಟ್ಟರೆ ಅದು ಯುಟಿಸಿಯ ಮಧ್ಯರಾತ್ರಿ ಅಂದುಕೊಳ್ಳುತ್ತದೆ. ಅದಕ್ಕೇ ಗಂಟೆಯನ್ನೂ ಸೇರಿಸಿ ಕೊಟ್ಟರೆ ಸ್ಥಳೀಯ ಸಮಯ ಅಂದುಕೊಳ್ಳುತ್ತದೆ. ಮೊದಲನೆಯದು ಬೆಂಗಳೂರಿನಲ್ಲಿ ಬೆಳಗಿನ ಐದೂವರೆಯಾಗಿ ಸರಿಯಾಗಿಯೇ ಕಾಣುತ್ತದೆ, ನ್ಯೂಜೆರ್ಸಿಯಲ್ಲಿ ಹಿಂದಿನ ದಿನದ ರಾತ್ರಿಯಾಗಿ ಕಾಣುತ್ತದೆ. ಬ್ರೆಂಡನ್ ಐಕ್ 1995ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಹತ್ತು ದಿನದಲ್ಲಿ ಮೊದಲ ರೂಪ ಕೊಟ್ಟ ಭಾಷೆ ಇದು. ಅದರ ‘ಡೇಟ್’ ಆಗಿನ ಜಾವಾದಿಂದ ಬಂದದ್ದು. ಜನವರಿಗೆ ಸೊನ್ನೆ ಅನ್ನುವುದೂ ಅಲ್ಲಿಂದಲೇ ಬಂತು. ‘ಟೆಂಪೊರಲ್’ ಅನ್ನುವ ಹೊಸ ವ್ಯವಸ್ಥೆಯಲ್ಲಿ ಬರೀ ತಾರೀಖಿಗೆಂದೇ ‘ಪ್ಲೇನ್‌ಡೇಟ್’ ಇದೆ, 2025ರಲ್ಲಿ ಫೈರ್‌ಫಾಕ್ಸ್‌ಗೆ ಬಂತು. ಆದರೆ ನಮ್ಮ ಬಳಕೆದಾರರ ಕೈಯಲ್ಲಿರುವ ಹಳೇ ಫೋನುಗಳನ್ನು ಮರೆಯುವ ಹಾಗಿಲ್ಲ.

ಈಗ ನಾನು ಮಾಡುವುದು

ದೊಡ್ಡ ಸೂತ್ರವೇನಲ್ಲ, ಮಾನಿಟರಿಗೆ ಅಂಟಿಸಿಕೊಂಡಿರುವ ಚೀಟಿಯಲ್ಲಿ ಇರುವುದಿಷ್ಟು.

1. ದೂರು ಕೊಟ್ಟವರು ಹೇಳಿದ್ದು ನಿಜ ಅಂದುಕೊಂಡೇ ಶುರು ಮಾಡು.
2. ಕೋಡ್ ಮುಟ್ಟುವ ಮೊದಲು ‘ಎಲ್ಲಿ ಸರಿ, ಎಲ್ಲಿ ತಪ್ಪು’ ಬರೆ.
3. ಸರಿಯಿದ್ದ ದಿನದ ಲಾಕ್ ಫೈಲನ್ನೂ ಇವತ್ತಿನದನ್ನೂ ಪಕ್ಕಪಕ್ಕ ಇಟ್ಟು ನೋಡು. ಯಾವ ಲೈಬ್ರರಿಯ ಯಾವ ಅಂಕಿ ಬದಲಾಗಿದೆ ಅನ್ನುವುದು ಅಲ್ಲೇ ಇರುತ್ತದೆ.
4. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.
5. ಮೊದಲ ಅಂಕಿ ಬದಲಾದರೆ ರಿಲೀಸ್ ನೋಟ್ಸ್ ಪೂರ್ತಿ ಓದು. ಊಟ ಆಮೇಲೆ.
6. ತಾರೀಖು ಇರುವ ಟೆಸ್ಟ್‌ಗಳನ್ನು ಭಾರತ, ಯುಟಿಸಿ, ಸಿಂಗಪುರ, ನ್ಯೂಯಾರ್ಕ್ ನಾಲ್ಕೂ ಸಮಯದಲ್ಲಿ ಓಡಿಸು.

ಮಧ್ಯಾಹ್ನದ ಹೊತ್ತಿಗೆ ಸರಿಪಡಿಸಿದ ಕೋಡ್ ಹೋಯಿತು. ಆ ಆರು ದಿನಗಳಲ್ಲಿ ತಪ್ಪು ತಾರೀಖು ಹೋಗಿದ್ದವರಿಗೆಲ್ಲ ಹೊಸ ಎಸ್‌ಎಂಎಸ್ ಕಳಿಸಿದೆವು. ಮಾರನೇ ದಿನ, ಅದರ ಮಾರನೇ ದಿನ ಬರಬೇಕಾದವರಿಗೆ ಟೀಮಿನವರೆಲ್ಲ ಹಂಚಿಕೊಂಡು ಫೋನ್ ಮಾಡಿದೆವು.

ಅಜ್ಜನ ವಿಷಯ ಕೇಳಿದಾಗ ರಿಸೆಪ್ಷನ್ ಹುಡುಗಿ ಹೇಳಿದಳು: “ಅವರನ್ನ ಆವಾಗ್ಲೇ ಕಳಿಸಿದ್ವಿ ಸರ್. ಇವತ್ತೇ ಸ್ಯಾಂಪಲ್ ತಗೊಂಡು, ಪಕ್ಕದ ದರ್ಶಿನಿಯಲ್ಲಿ ಇಡ್ಲಿ ತಿನ್ಸಿ ಬಸ್ ಹತ್ತಿಸಿದ್ವಿ.” ನಾನು ಎಸ್‌ಎಂಎಸ್ ಲೈಬ್ರರಿಯ ಕೋಡ್ ಬಿಚ್ಚಿಕೊಂಡು ಕೂತಿದ್ದ ಹೊತ್ತಿಗೆ ಇಲ್ಲಿ ಇದಿಷ್ಟೂ ಆಗಿಹೋಗಿತ್ತು.

ಸಂಜೆ ಅಜ್ಜನಿಗೆ ನಾನೇ ಫೋನ್ ಮಾಡಿ, ತಪ್ಪು ನಮ್ಮದು ಅಂದೆ.

“ಇರ್ಲಿ ಬಿಡಪ್ಪ. ಬಸ್ಸಿಂದು, ಹಸಿವಿಂದು ಏನಿಲ್ಲ” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: “ಹಳೇ ಮೆಸೇಜ್ ನೋಡ್ಕೊಂಡು ಬಂದಿದೀನಿ ಅಂದ್ರಂತಲ್ಲ, ಅದೊಂದು ಬೇಜಾರಾಯ್ತು. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ದೆ ಕಣಪ್ಪ ನಾನು.”