ವೇಗದ ಮುಳ್ಳು ಹೇಳದ ಮಾತು

ಬಿಸಿಲೇರಿದ ಮೇಲೆ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಹೊಲಗಳ ಮೇಲೆ ಹದ್ದುಗಳು ರೆಕ್ಕೆ ಬಡಿಯದೆಯೇ ಸುತ್ತುತ್ತ ಮೇಲೇರುತ್ತವೆ. ಗ್ಲೈಡರ್‌ನದೂ ಇದೇ ವಿದ್ಯೆ. ಎಂಜಿನ್ ಇಲ್ಲ, ನೆಲದಿಂದೇಳುವ ಬಿಸಿಗಾಳಿಯೇ ಆಧಾರ. ಆದರೆ ಹದ್ದು ವೇಗದ ಮುಳ್ಳು ನೋಡಿ ಹಾರುವುದಿಲ್ಲ. ಗ್ಲೈಡರ್ ಪೈಲಟ್‌ಗೆ ನಾವು ಮೊದಲು ಕಲಿಸುವುದೇ ಅದನ್ನು ನೋಡುವುದನ್ನು.

ರೆಕ್ಕೆ ಸೋಲುವುದು, ಅಂದರೆ ಸ್ಟಾಲ್ ಆಗುವುದು, ವೇಗ ಕಡಿಮೆಯಾದಾಗ ಎಂಬುದು ಅರ್ಧ ಸತ್ಯ. ಎದುರು ಗಾಳಿಗೆ ರೆಕ್ಕೆ ಒಡ್ಡಿಕೊಂಡ ಕೋನ, ಅಂದರೆ ಆಂಗಲ್ ಆಫ್ ಅಟ್ಯಾಕ್, ಸುಮಾರು 15 ಡಿಗ್ರಿ ದಾಟಿದರೆ ಯಾವ ವೇಗದಲ್ಲಾದರೂ ಅದು ಸೋಲುತ್ತದೆ. ನೇರ ಹಾರಾಟದಲ್ಲಿ ಗಂಟೆಗೆ 65 ಕಿ.ಮೀ.ಗೆ ಸ್ಟಾಲ್ ಆಗುವ ಗ್ಲೈಡರ್, 45 ಡಿಗ್ರಿ ವಾಲಿ ತಿರುಗುವಾಗ 77ಕ್ಕೇ ಆಗುತ್ತದೆ. 60 ಡಿಗ್ರಿ ವಾಲಿದರೆ 92ಕ್ಕೆ. ಮುಳ್ಳು ಬದಲಾಗುತ್ತದೆ, ಕೋನ ಬದಲಾಗುವುದಿಲ್ಲ. ಇಳಿಯುವ ಮುನ್ನಿನ ಕೊನೆಯ ತಿರುವಿನಲ್ಲಿ, ನೆಲ ಹತ್ತಿರವಿರುವಾಗ, ಈ ಲೆಕ್ಕ ತಪ್ಪಿದರೆ ಸರಿಪಡಿಸಿಕೊಳ್ಳಲು ಎತ್ತರ ಉಳಿದಿರುವುದಿಲ್ಲ. 1896ರಲ್ಲಿ ಒಟ್ಟೊ ಲಿಲಿಯಂಥಾಲ್ ಪ್ರಾಣ ಕಳೆದುಕೊಂಡದ್ದೂ ಗ್ಲೈಡರ್ ಸ್ಟಾಲ್ ಆಗಿಯೇ.

ಇದೇ ಹೆದ್ದಾರಿಯಲ್ಲಿ ಜಹೀರಾಬಾದ್‌ವರೆಗೆ ಹೋಗಿ ಬಲಕ್ಕೆ ಹೊರಳಿದರೆ ನಮ್ಮ ಬೀದರ್. ಅಲ್ಲಿನ ವಾಯುನೆಲೆಯಲ್ಲಿ ಹಾಕ್ ಜೆಟ್ ಹಾರಿಸುತ್ತ ತರಬೇತಿ ಪಡೆಯುವವರಿಗೆ ಕೋನವೆಂಬುದು ದಿನನಿತ್ಯದ ಮಾತು. ಗ್ಲೈಡರ್ ಹಾರಿಸುವವರಿಗೆ ಮಾತ್ರ ಅದು ಪಠ್ಯಪುಸ್ತಕದ ಚಿತ್ರವಾಗಿ ಉಳಿಯಬೇಕೇಕೆ?

‘ಕುಳಿತ ಸೀಟೇ ಎಲ್ಲವನ್ನೂ ಹೇಳುತ್ತದೆ’ ಎನ್ನುವ ಹಳಬರಿದ್ದಾರೆ. ಅನುಭವಿಗೆ ಹೇಳೀತು, ಹೊಸಬನಿಗೆ, ದಣಿದವನಿಗೆ ಹೇಳುತ್ತದೆಂಬ ಭರವಸೆಯಿಲ್ಲ. ಉಪಕರಣವೂ ತಪ್ಪು ಹೇಳಬಹುದಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. 2018 ಮತ್ತು 2019ರಲ್ಲಿ ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳೆರಡು ಬಿದ್ದು 346 ಮಂದಿ ಸತ್ತಾಗ, ಶುರುವಾದದ್ದು ಕೋನ ಅಳೆಯುವ ಸಂವೇದಕದ ತಪ್ಪಿನಿಂದಲೇ. ಆದರೆ ಅಲ್ಲಿ ಆ ತಪ್ಪನ್ನು ನಂಬಿ ಮೂತಿ ತಗ್ಗಿಸಿದ್ದು ಕಂಪ್ಯೂಟರ್. ಗ್ಲೈಡರ್‌ನಲ್ಲಿ ಸೂಚಕ ಬರೀ ತೋರಿಸುತ್ತದೆ. ಕೋಲು ಪೈಲಟ್‌ನ ಕೈಯಲ್ಲೇ ಇರುತ್ತದೆ.

ದುಬಾರಿ ಯಂತ್ರವೂ ಬೇಕಿಲ್ಲ. ಗ್ಲೈಡರ್‌ನ ಗಾಜಿನ ಮುಂದೆ ಅಂಟಿಸುವ ಉಣ್ಣೆಯ ಎಳೆ ಅಡ್ಡಜಾರನ್ನು ತೋರಿಸುವುದು ಎಲ್ಲರಿಗೂ ಗೊತ್ತು. ಅಂಥದೇ ಎಳೆಯನ್ನು ಗಾಜಿನ ಪಕ್ಕಕ್ಕೂ ಅಂಟಿಸಿದರೆ, ಕೋನ ಹೆಚ್ಚಿದಂತೆ ಅದರ ತುದಿ ಮೇಲೇಳುತ್ತದೆ. ಸಾಕಷ್ಟು ಎತ್ತರದಲ್ಲಿ ಬೇಕೆಂದೇ ಸ್ಟಾಲ್ ಮಾಡಿ, ಎಳೆ ನಿಂತ ಜಾಗಕ್ಕೆ ಗುರುತು ಹಾಕಿಕೊಳ್ಳಬೇಕು. ಅಡ್ಡಜಾರಿದರೆ ಈ ಎಳೆಯೂ ಸುಳ್ಳಾಡುತ್ತದೆ. ರೆಕ್ಕೆ ಮಳೆಗೆ ನೆನೆದಿದ್ದರೆ ಗುರುತಿಗಿಂತ ಮೊದಲೇ ಸೋಲಬಹುದು. ಅದಕ್ಕೇ ಇದು ತರಬೇತಿಗೆ ಬದಲಿಯಲ್ಲ, ತರಬೇತಿಯದೇ ಭಾಗ. ಮೊದಲ ಪಾಠದಿಂದಲೇ ಕಣ್ಣು ಹೊರಗಿರಲಿ, ಆ ನೋಟದಲ್ಲೇ ಎಳೆಯೂ ಇರಲಿ. ಒಂದು ಗೇಣು ಉಣ್ಣೆಗೆ ಯಾವ ಗ್ಲೈಡಿಂಗ್ ಕ್ಲಬ್ಬಿನಲ್ಲೂ ಬಡತನವಿಲ್ಲ.